ಉಗ್ರಾದಿತ್ಯನ ಹಿತಾಹಿತಾಧ್ಯಾಯವೂ ರೋಗಿಯ ಒಪ್ಪಿಗೆಯೂ

ಉಗ್ರಾದಿತ್ಯಾಚಾರ್ಯನ ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವು ೧೯೪೦ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದೀ ಅನುವಾದದೊಡನೆ ಅಚ್ಚಾಗಿ ಹೊರಬಂದಿತು. ಇಪ್ಪತ್ತೈದು ಪರಿಚ್ಛೇದಗಳು ಮುಗಿದ ಮೇಲೆ ಈ ಗ್ರಂಥಕ್ಕೆ ಎರಡು ಬಾಲಗಳಂತೆ ರಿಷ್ಟಾಧ್ಯಾಯ, ಹಿತಾಹಿತಾಧ್ಯಾಯ ಎಂಬುವು ಸೇರಿಕೊಂಡಿವೆ. ವೈದ್ಯರು ಔಷಧಯೋಗಗಳಿಗಾಗಿ ಮೊದಲಿನ ಭಾಗವನ್ನು ನೋಡುವರು. ಚರಿತ್ರಕಾರರು ನೃಪತುಂಗನ ಹೆಸರಿಗಾಗಿ ಕೊನೆಯ ಒಂದು ಪದ್ಯವನ್ನು ನೋಡುವರು. ಹಿತಾಹಿತಾಧ್ಯಾಯದಲ್ಲಿ ಆಚಾರ್ಯನು ಹೂಡಿರುವ ವಾದವು ಸರಿಯೋ ತಪ್ಪೋ ಎಂಬುದನ್ನು ಮಾತ್ರ ವಾದವಾಗಿಯೇ ಎತ್ತಿಕೊಂಡು ತೂಗಿ ನೋಡುವವರು ವಿರಳ. ಈ ಲೇಖನದಲ್ಲಿ ನಾನು ಮಾಡಹೊರಟಿರುವುದು ಆ ಕೆಲಸ.

ಇದಕ್ಕೆ ಈಗ ಪ್ರಸಕ್ತಿ ಏನೆಂದರೆ, ನಮ್ಮ ಕಾಲದ ವಿಶ್ವವಿದ್ಯಾಲಯಗಳಲ್ಲಿ ಜೀವನೀತಿಶಾಸ್ತ್ರವೆಂಬ ಹೊಸದೊಂದು ಶಾಸ್ತ್ರವು ನೆಲೆಗೊಂಡಿದೆ. ವೈದ್ಯನು ಮಾಡಬಲ್ಲದ್ದನ್ನೆಲ್ಲ ಮಾಡಬಹುದೇ, ಯಾರನ್ನು ಕೇಳಿ ಮಾಡಬೇಕು, ಮನುಷ್ಯನ ಹಿತಕ್ಕಾಗಿ ಇತರ ಪ್ರಾಣಿಗಳನ್ನು ಎಷ್ಟರಮಟ್ಟಿಗೆ ನೋಯಿಸಬಹುದು ಎಂಬೀ ಪ್ರಶ್ನೆಗಳನ್ನು ಅದು ವಿಚಾರಿಸುತ್ತದೆ. ಜರ್ಮನಿಯ ಹಾಲೆ ಪಟ್ಟಣದ ಫ್ರಿಟ್ಸ್ ಯಾರ್ ಎಂಬ ಪಾದ್ರಿಯು ೧೯೨೭ರಲ್ಲಿ ಈ ಹೆಸರನ್ನು ಮೊದಲು ಬಳಸಿದನು. ೧೯೭೦-೭೧ರಲ್ಲಿ ಅಮೆರಿಕದ ವ್ಯಾನ್ ರೆನ್ಸೆಲೇರ್ ಪಾಟರ್ ಎಂಬ ಅರ್ಬುದರೋಗ ಸಂಶೋಧಕನು ಅದನ್ನು ಪ್ರಚುರಪಡಿಸಿದನು. ವಿಜ್ಞಾನವನ್ನು ಜನಜೀವನದ ಕಡೆಗೆ ತಿರುಗಿಸಿ, ಮಾನವೀಯ ದೃಷ್ಟಿಯಿಂದ ಈ ಪ್ರಶ್ನೆಗಳನ್ನು ವಿಚಾರಿಸಿದ ವಿದ್ವಾಂಸರಿಗೆ ಹೊರದೇಶಗಳಲ್ಲಿ ಪ್ರಶಸ್ತಿ ಪುರಸ್ಕಾರಗಳೂ ಸಲ್ಲುತ್ತಿವೆ. ನಮ್ಮಲ್ಲಿ ಇಂಥ ಗೌರವವು ಗ್ರಂಥಕ್ಕಿಂತ ಸೇವೆಗೆ ಹೆಚ್ಚಾಗಿ ಸಂದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆಸಿ ೧೯೮೧ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ ಡಾಕ್ಟರ್ ಸುದರ್ಶನರಿಗೆ ೧೯೯೪ರಲ್ಲಿ ಬಂದ ರೈಟ್ ಲೈವ್ಲಿಹುಡ್ ಪ್ರಶಸ್ತಿಯೇ ಇದಕ್ಕೆ ಉದಾಹರಣೆ. ಅದು ಯುಕ್ತವೇ. ಆದರೆ ವೈದ್ಯದ ನೀತಿಯನ್ನು ಶಾಸ್ತ್ರವಾಗಿ ವಿಚಾರಿಸಿ, ಆ ವಿಚಾರಕ್ಕಾಗಿಯೇ ಸಭೆಯಲ್ಲಿ ಮನ್ನಣೆ ಪಡೆದವನು ಕನ್ನಡನಾಡಿನಲ್ಲಿ ಯಾರಾದರೂ ಇರುವನೇ ಎಂದು ಹುಡುಕಿದರೆ ನನಗೆ ಮೊದಲು ತೋರುವವನು ಉಗ್ರಾದಿತ್ಯನೇ.

ಅವನು ಗ್ರಂಥವನ್ನು ರಚಿಸಿದ್ದು ತ್ರಿಕಳಿಂಗದೇಶದ ರಾಮಗಿರಿಯಲ್ಲಿ, ಗುರು ಶ್ರೀನಂದಿ. ಆದರೆ ಹಿತಾಹಿತಾಧ್ಯಾಯದ ಕೊನೆಯಲ್ಲಿ ಅವನೇ ತಿಳಿಸುವ ಪ್ರಕಾರ, ಅದರ ವಿಷಯವು ಮೊದಲು ನಿರೂಪಿತವಾದದ್ದು ನೃಪತುಂಗವಲ್ಲಭ ಮಹಾರಾಜಾಧಿರಾಜನ ಸಭೆಯಲ್ಲಿ, ಪ್ರಖ್ಯಾತ ವಿದ್ವಾಂಸರ ನಡುವೆ, ಮಾಂಸಪಕ್ಷದ ವೈದ್ಯವಿದ್ವಾಂಸರ ಇದಿರಿನಲ್ಲಿ. ಈ ನೃಪತುಂಗನು ರಾಷ್ಟ್ರಕೂಟ ಒಂದನೆಯ ಅಮೋಘವರ್ಷನೆಂದು ಸಾಮಾನ್ಯವಾಗಿ ತಿಳಿಯುವರು. ಹಾಗಾದರೆ ಸಭೆ ನೆರೆದದ್ದು ಕಾಗಿಣಾ ನದಿಯ ದಡದ ಮಾನ್ಯಖೇಟದಲ್ಲಿ. ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ. ಕವಿರಾಜಮಾರ್ಗವು ಹುಟ್ಟಿದ ಆಸ್ಥಾನವೂ ಅದೇ. ಶಕ ೭೯೩ರ, ಎಂದರೆ ಕ್ರಿ. ಶ. ೮೭೧ರ, ಸಂಜಾನ ತಾಮ್ರಶಾಸನವು ಈ ಅರಸನು ಲೋಕೋಪದ್ರವವನ್ನು ಶಾಂತಗೊಳಿಸುವುದಕ್ಕಾಗಿ ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಹೇಳುತ್ತದೆ. ಇದರಲ್ಲಿ ಪ್ರಶಸ್ತಿಕಾರನ ಅತಿಶಯೋಕ್ತಿ ಎಷ್ಟಿದ್ದರೂ ಇರಲಿ. ಪರರ ಹಿತಕ್ಕೆ ಮತ್ತೊಂದು ಪ್ರಾಣಿಯ ಶರೀರವನ್ನು ಬೇಡದೆ ಸ್ವಶರೀರವನ್ನು ಕೊಟ್ಟವನೆಂದು ಹೊಗಳಿಸಿಕೊಂಡ ಅರಸನ ಮುಂದೆಯೇ ಈ ವಾದವು ನಡೆಯಿತೆಂಬುದು ನೆನೆಯತಕ್ಕ ಸಂಗತಿ.

ಇನ್ನು ವಾದದ ಸ್ವರೂಪ. ಆಚಾರ್ಯನ ಪ್ರತಿಜ್ಞೆಯು ಮಾಂಸದ ನಿಷ್ಫಲತೆ. ಮಾಂಸವು ಔಷಧವೂ ಅಲ್ಲ, ಪಥ್ಯವೂ ಅಲ್ಲ. ವೈದ್ಯಶಾಸ್ತ್ರದ ಮೂಲವಾದ ಪ್ರಾಣಾವಾಯದಲ್ಲಿ ಅದಕ್ಕೆ ಎಡೆಯಿಲ್ಲ. ಈಗಿನ ತಂತ್ರಗಳಲ್ಲಿ ಅದು ಕಾಣುವುದು ಮಾಂಸಲೋಲುಪರು ಮುಂದೆ ಸೇರಿಸಿದುದರಿಂದ. ಆ ತಂತ್ರಗಳೇ ಅಹಿಂಸೆಯನ್ನೂ ಹೊಗಳುವುದರಿಂದ ಸ್ವವಚನವ್ಯಾಘಾತಕ್ಕೆ ಗುರಿಯಾಗುವುವು. ಇದು ಸಾರಾಂಶ. ತನ್ನ ಪಕ್ಷಕ್ಕೆ ಹಿಂದಿನ ಆಚಾರ್ಯರ ಪರಂಪರೆಯೊಂದಿದೆ ಎಂಬುದನ್ನೂ ಗ್ರಂಥದಲ್ಲಿ ತೋರಿಸಿದ್ದಾನೆ. ಶಾಲಾಕ್ಯಕ್ಕೆ ಪೂಜ್ಯಪಾದ, ಶಲ್ಯಕ್ಕೆ ಪಾತ್ರಸ್ವಾಮಿ, ವಿಷಕ್ಕೂ ಉಗ್ರಗ್ರಹಶಮನಕ್ಕೂ ಸಿದ್ಧಸೇನ, ಕಾಯಚಿಕಿತ್ಸೆಗೆ ದಶರಥಗುರು, ಶಿಶುವೈದ್ಯಕ್ಕೆ ಮೇಘನಾದ, ರಸಾಯನ ವಾಜೀಕರಣಗಳಿಗೆ ಸಿಂಹನಾದ, ಎಂಟಂಗಗಳಿಗೂ ಒಟ್ಟಾಗಿ ಸಮಂತಭದ್ರ. ಈ ಗ್ರಂಥಗಳಲ್ಲಿ ಬಹುಭಾಗವು ನಷ್ಟವಾಗಿರುವುದರಿಂದ ಪರಂಪರೆಯ ಹೆಸರುಗಳು ಉಳಿದಿವೆಯೇ ಹೊರತು ಮಾತುಗಳು ಉಳಿದಿಲ್ಲ.

ಮಾಂಸವನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುವ ಭಾಗವು ನಿಲ್ಲುವಂಥದಲ್ಲವೆಂದು ಮೊದಲೇ ಹೇಳಿಬಿಡುವೆನು. ಚರಕ ಸುಶ್ರುತಗಳಲ್ಲಿ ಮಾಂಸವರ್ಗವು ಒಂದೆರಡು ಶ್ಲೋಕಗಳಲ್ಲಿ ಅಂಟಿಸಿದ ತೇಪೆಯಲ್ಲ. ಆಹಾರದ್ರವ್ಯವಿಭಾಗದ ನೆಯ್ಗೆಯಲ್ಲಿಯೇ ಸೇರಿಹೋಗಿದೆ. ಕಿತ್ತರೆ ಬಟ್ಟೆಯೇ ಹರಿಯುವುದು. ಸ್ವವಚನವ್ಯಾಘಾತದ ಆಕ್ಷೇಪಕ್ಕೆ ಮಾತ್ರ ಹೆಚ್ಚಿನ ಬಲವುಂಟು. ಚಿಕಿತ್ಸೆಯನ್ನು ಹಣಕ್ಕಾಗಿ ಅಲ್ಲದೆ ಭೂತದಯೆಯಿಂದ ಮಾಡುವವನು ಎಲ್ಲರನ್ನೂ ಮೀರಿದವನೆಂದು ಹೇಳುವ ಚರಕಸಂಹಿತೆಯೇ ರಾಜಯಕ್ಷ್ಮಕ್ಕೆ ಸಾಲುಸಾಲಾಗಿ ಮಾಂಸಗಳನ್ನು ವಿಧಿಸುತ್ತದೆ. ಭೂತಗಳಲ್ಲಿ ದಯೆಯುಳ್ಳವನು ಯಾವ ಭೂತಗಳನ್ನು ಹೊರಗಿಟ್ಟನು ಎಂದು ಕೇಳಬಾರದೇ?

ಇದಕ್ಕೆ ಸಮಾಧಾನವನ್ನು ಹನ್ನೊಂದನೆಯ ಶತಮಾನದ ಚಕ್ರಪಾಣಿದತ್ತನ ವ್ಯಾಖ್ಯಾನದಲ್ಲಿ ಕಾಣಬಹುದು. ಆಯುರ್ವೇದದ ವಿಧಿಗಳು ಆರೋಗ್ಯಸಾಧನವನ್ನು ಹೇಳುತ್ತವೆಯೇ ಹೊರತು ಧರ್ಮಸಾಧನವನ್ನು ಹೇಳುವುದಿಲ್ಲವೆಂಬುದು ಅವನ ದಾರಿ. ಮಾಂಸದಿಂದ ದೇಹವು ಪುಷ್ಟವಾಗುವುದು ಒಂದು ಮಾತು. ಹಿಂಸೆಯಿಂದ ಪಾಪ ಬರುವುದು ಮತ್ತೊಂದು ಮಾತು. ಮೊದಲನೆಯದನ್ನು ಹೇಳಿದ ಮಾತ್ರಕ್ಕೆ ಎರಡನೆಯದನ್ನು ಅಲ್ಲಗಳೆದಂತಾಗುವುದಿಲ್ಲ. ಮೀಮಾಂಸೆಯ ಪಾಠವನ್ನು ಕೇಳಿದವರಿಗೆ ಈ ವಿಭಾಗವು ಹೊಸದಲ್ಲ. ನನಗೆ ಇದರಲ್ಲಿ ಮೆಚ್ಚಾಗುವುದು ಇದರ ಪ್ರಾಮಾಣಿಕತೆ. ಔಷಧದ ಗುಣವನ್ನು ಗುಣವೆಂದೇ ಒಪ್ಪಿಕೊಂಡು, ಅದನ್ನು ಕೊಡಬಹುದೇ ಬಾರದೇ ಎಂಬುದನ್ನು ಬೇರೆ ಕಟಕಟೆಗೆ ಕಳುಹಿಸುತ್ತದೆ. ಆದರೆ ಆ ಬೇರೆ ಕಟಕಟೆಯಲ್ಲಿ ಕುಳಿತು ತೀರ್ಪು ಹೇಳುವವನಾರು? ವೈದ್ಯನು ಅದು ತನ್ನ ಶಾಸ್ತ್ರದ ವಿಷಯವಲ್ಲವೆಂದು ಕೈತೊಳೆದುಕೊಂಡರೆ ಧರ್ಮಶಾಸ್ತ್ರಜ್ಞನು ರೋಗಿಯ ಮಂಚದ ಬಳಿ ನಿಂತಿರುವುದಿಲ್ಲ.

ಉಗ್ರಾದಿತ್ಯನು ಈ ಎರಡು ಪ್ರಶ್ನೆಗಳನ್ನೂ ಒಂದೇ ಎಳೆಯಲ್ಲಿ ಹೊಸೆದನು. ಅವನ ಮತದಲ್ಲಿ ಅಧರ್ಮ್ಯವಾದದ್ದು ಹಿತವಾಗಿರಲಾರದು. ಇದು ಕೇಳುವುದಕ್ಕೆ ಇಂಪಾಗಿದೆ. ಆದರೆ ಹಾಗೆ ಹೊಸೆದ ಹಗ್ಗವು ಪ್ರತ್ಯಕ್ಷಪ್ರಮಾಣದ ಕತ್ತಿ ತಾಗಿದರೆ ಎರಡೆಳೆಗಳೂ ಒಟ್ಟಿಗೆ ಕಡಿದುಹೋಗುವಂಥದು. ಒಂದು ದೃಷ್ಟಾಂತ: ೧೯೨೨ರ ಜನವರಿಯಲ್ಲಿ ಕೆನಡಾದ ಟೊರಾಂಟೊ ಪಟ್ಟಣದಲ್ಲಿ ಮಧುಮೇಹಿಯಾದ ಬಾಲಕನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಸತ್ತ್ವವದು. ಸಾಯಲಿದ್ದ ಹುಡುಗನು ಬದುಕಿದನು. ೧೯೮೨ರಲ್ಲಿ ಸೂಕ್ಷ್ಮಜೀವಿಗಳಿಂದ ಮಾನವ ಇನ್ಸುಲಿನನ್ನು ತಯಾರಿಸಿ ಮಾರಾಟಕ್ಕೆ ಒಪ್ಪಿಗೆ ದೊರೆಯುವವರೆಗೂ, ಅರುವತ್ತು ವರ್ಷಗಳ ಕಾಲ, ಜಗತ್ತಿನ ಮಧುಮೇಹಿಗಳು ದನ ಹಂದಿಗಳ ಗ್ರಂಥಿಯನ್ನೇ ನಂಬಿದ್ದರು. ಮಾಂಸವು ನಿಷ್ಫಲವೆಂಬ ಪ್ರತಿಜ್ಞೆಯನ್ನು ಪ್ರಾಣಿಜನ್ಯ ಔಷಧಗಳಿಗೆಲ್ಲ ಹಿಗ್ಗಿಸಿದರೆ ಈ ಬಾಲಕನ ಮುಂದೆ ಅದು ನಿಲ್ಲುವುದಿಲ್ಲ. ಕರುಣೆಗೆ ಆಧಾರವಾಗಿ ಈ ಒಂದೇ ಕಂಬವನ್ನು ನೆಟ್ಟಿದ್ದರೆ ಕಂಬದೊಡನೆ ಮಾಳಿಗೆಯೂ ಬೀಳುವುದು.

ಇಲ್ಲಿ ಶಂಕೆಯೊಂದು ಹುಟ್ಟುತ್ತದೆ. ಜೈನಮತದಲ್ಲಿ ಅಹಿಂಸೆಯು ಸ್ವತಂತ್ರವಾದ ಮಹಾವ್ರತ. ಅದಕ್ಕೆ ವೈದ್ಯದ ಊರುಗೋಲು ಬೇಕಿಲ್ಲ. ಹೀಗಿರಲು ಆಚಾರ್ಯನು ತನ್ನ ಬಲವಾದ ನೆಲವನ್ನು ಬಿಟ್ಟು ನಿಷ್ಫಲತೆಯೆಂಬ ಜಾರುವ ನೆಲಕ್ಕೆ ಏಕೆ ಇಳಿದನು? ನಾನು ಬಹುಕಾಲ ಇದನ್ನು ಅವನ ಬುದ್ಧಿಮಾಂದ್ಯವೆಂದೇ ತಿಳಿದಿದ್ದೆನು. ಸಭೆಯ ಸಂದರ್ಭವನ್ನು ನೆನೆದ ಮೇಲೆ ಆ ಅಭಿಪ್ರಾಯವನ್ನು ಬಿಟ್ಟೆನು. ಇದಿರಿನಲ್ಲಿ ಕುಳಿತವರು ಅವನ ಆಗಮವನ್ನು ಪ್ರಮಾಣವೆಂದು ಒಪ್ಪಿದವರಲ್ಲ. ಅವರಿಗೆ ಮಹಾವ್ರತವನ್ನು ಹೇಳಿದರೆ ಅದು ನಿಮ್ಮ ವ್ರತವೆಂದು ನಗುವರು. ಉಭಯವಾದಿಸಮ್ಮತವಾದ ಪ್ರಮಾಣದಿಂದಲೇ ಸಾಧಿಸಬೇಕೆಂಬುದು ವಾದದ ಮರ್ಯಾದೆ. ವೈದ್ಯರೊಡನೆ ವೈದ್ಯನಾಗಿಯೇ, ರಸ ಗುಣ ವೀರ್ಯಗಳ ಮಾತಿನಲ್ಲಿಯೇ ಹೋರಾಡಲು ಅವನು ಒಪ್ಪಿಕೊಂಡನು. ಸೋಲುವ ಸಂಭವವಿರುವ ಕಣವನ್ನು ತಾನಾಗಿ ಆರಿಸಿಕೊಂಡದ್ದು ಸಾಮಾನ್ಯವಾದ ಧೈರ್ಯವಲ್ಲ. ಇಂದು ಜೀವನೀತಿಯ ಸಮಿತಿಗಳಲ್ಲಿ ನಾನಾ ಮತಗಳವರೂ ಮತವಿಲ್ಲದವರೂ ಒಟ್ಟಿಗೆ ಕುಳಿತಾಗ ಬೇಕಾಗುವ ನಡವಳಿಕೆಯೂ ಇದೇ. ಉಗ್ರಾದಿತ್ಯನಿಗೆ ಸಲ್ಲಬೇಕಾದ ಗೌರವವು ನನ್ನ ಎಣಿಕೆಯಲ್ಲಿ ಅವನ ಸಿದ್ಧಾಂತಕ್ಕಿಂತ ಈ ನಡವಳಿಕೆಗೆ ಹೆಚ್ಚು ಸಲ್ಲುತ್ತದೆ.

ಮೇಲೆ ಹೇಳಿದ ಯಾರ್ ಪಾದ್ರಿಯೊಡನೆ ಇವನನ್ನು ಹೋಲಿಸಿದರೆ ಇನ್ನೊಂದು ಅಂಶವು ಹೊಳೆಯುವುದು. ಸಸ್ಯಪ್ರಾಣಿಗಳನ್ನೂ ಒಳಗೊಂಡಂತೆ ಸಕಲ ಜೀವಿಗಳನ್ನೂ ಸಾಧನವೆಂದಲ್ಲದೆ ಸ್ವತಃ ಗಮ್ಯವೆಂದು ಗೌರವಿಸಬೇಕೆಂದು ಆ ಪಾದ್ರಿಯ ವಿಧಿ. ಅದರ ಜೊತೆಗೆ ಸಾಧ್ಯವಾದಮಟ್ಟಿಗೆ ಎಂಬ ಅರ್ಥದ ಸಣ್ಣ ಮಾತೊಂದನ್ನು ಆತನು ಸೇರಿಸಿದ್ದಾನೆ. ಆ ಸಣ್ಣ ಮಾತಿನಲ್ಲಿ ಟೊರಾಂಟೊದ ಬಾಲಕನಿಗೆ ಎಡೆಯುಂಟು. ಉಗ್ರಾದಿತ್ಯನ ವಾದದಲ್ಲಿ ಅಂಥ ಎಡೆಯಿಲ್ಲ. ನಿಷ್ಫಲವೆಂದು ಸಾಧಿಸಿದ ಮೇಲೆ ಇಕ್ಕಟ್ಟೇ ಹುಟ್ಟದಷ್ಟೆ.

ಇಷ್ಟಕ್ಕೂ ಈ ಮಹಾಸಭೆಯಲ್ಲಿ ಅರಸನಿದ್ದನು, ವಿದ್ವಾಂಸರಿದ್ದರು, ಮಾಂಸಪಕ್ಷದ ವೈದ್ಯರೂ ಇದ್ದರು. ರೋಗಿಯೊಬ್ಬನೇ ಇರಲಿಲ್ಲ. ಮಾಂಸವನ್ನು ಕೊಡಬೇಕೆನ್ನುವವರೂ ಕೊಡಬಾರದೆನ್ನುವವರೂ ಉಣ್ಣಬೇಕಾದವನನ್ನು ಕೇಳಲಿಲ್ಲ. ನಮ್ಮ ವೈದ್ಯಗ್ರಂಥಗಳ ನೀತಿವಿಚಾರದಲ್ಲಿ ನನಗೆ ಕಾಣುವ ದೊಡ್ಡ ಲೋಪವು ಇದು. ಇದರಲ್ಲಿ ವೈದಿಕ ಜೈನ ಭೇದವಿಲ್ಲ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಎಂಟನೆಯ ಅಧ್ಯಾಯವನ್ನು ನೋಡಿರಿ. ಕ್ಷಯರೋಗಿಗೆ ನವಿಲಿನ ಮಾಂಸವೆಂದು ಹೇಳಿ ಹದ್ದು ಗೂಗೆಗಳ ಮಾಂಸವನ್ನೂ, ತಿತ್ತಿರಿಯೆಂದು ಹೇಳಿ ಕಾಗೆಯ ಮಾಂಸವನ್ನೂ, ಮೀನಿನ ಕರುಳೆಂದು ಹೇಳಿ ಹುರಿದ ಎರೆಹುಳುಗಳನ್ನೂ ಕೊಡಬೇಕೆಂದು ಅಲ್ಲಿ ವಿಧಿಯಿದೆ. ಕಾರಣವನ್ನೂ ಮುಚ್ಚದೆ ಕೊಟ್ಟಿದ್ದಾರೆ: ತಿಳಿದರೆ ರೋಗಿಯು ಹೇಸಿ ಉಣ್ಣನು, ಉಂಡರೂ ಕಾರಿಕೊಳ್ಳುವನು. ಉದ್ದೇಶವು ಬದುಕಿಸುವುದು; ಅದರಲ್ಲಿ ಸಂದೇಹವಿಲ್ಲ. ನಮ್ಮ ಪಾಠಶಾಲೆಯಲ್ಲಿ ಈ ಪ್ರಕರಣ ಬಂದಾಗ ಹುಡುಗರು ನಗುತ್ತಿದ್ದರು, ಗುರುಗಳೂ ನಗುತ್ತಿದ್ದರು. ನಗುವ ವಿಷಯವು ಇದಲ್ಲವೆಂದು ತಿಳಿಯುವುದಕ್ಕೆ ನನಗೆ ಐವತ್ತು ವರ್ಷ ದಾಟಬೇಕಾಯಿತು. ಒಬ್ಬ ಮನುಷ್ಯನು ಯಾವುದನ್ನು ಪ್ರಾಣ ಹೋದರೂ ಬಾಯಿಗಿಡಲೊಲ್ಲನೋ ಅದನ್ನು ಅವನ ಬಾಯಿಗೆ ಹೆಸರು ಬದಲಿಸಿ ಇಡುವುದಿದು. ಉಗ್ರಾದಿತ್ಯನು ಮಾಂಸಚಿಕಿತ್ಸೆಯನ್ನು ಖಂಡಿಸಲು ಇದಕ್ಕಿಂತ ಹರಿತವಾದ ಆಯುಧವು ಬೇರೆ ಸಿಕ್ಕುತ್ತಿರಲಿಲ್ಲ. ಆದರೆ ಅವನ ವಾದವು ಪೂರ್ತಿಯಾಗಿ ಹತವಾದ ಪ್ರಾಣಿಯ ಪರವಾಗಿಯೂ ದ್ರವ್ಯದ ಗುಣದ ಮೇಲೂ ನಿಂತಿರುವುದರಿಂದ ವಂಚಿತನಾದ ರೋಗಿಯ ಮೇಲೆ ಅವನ ದೃಷ್ಟಿ ಬೀಳಲಿಲ್ಲ.

ಸುಶ್ರುತದಲ್ಲಿ ಕೇಳುವ ಪದ್ಧತಿಯೇನೋ ಉಂಟು. ಅಶ್ಮರಿಯ ಶಸ್ತ್ರಕರ್ಮವನ್ನು ಹೇಳುವಾಗ, ಮಾಡದಿದ್ದರೆ ಸಾವು ನಿಶ್ಚಯ, ಮಾಡಿದರೆ ಸಂಶಯ. ಆದುದರಿಂದ ಕೇಳಿಯೇ ಮಾಡಬೇಕೆಂದು ವಿಧಿಸಿದ್ದಾನೆ. ಅಪಾಯವನ್ನು ಇಷ್ಟು ಬಿಚ್ಚಿ ಹೇಳಿದ ಮಾತು ಪ್ರಾಚೀನ ಶಸ್ತ್ರವೈದ್ಯದಲ್ಲಿ ಅಪೂರ್ವ. ಆದರೆ ಯಾರನ್ನು ಕೇಳಬೇಕು? ಅಲ್ಲಿರುವ ಶಬ್ದವು ಈಶ್ವರ, ಎಂದರೆ ಒಡೆಯ. ಮೂಢಗರ್ಭದ ಪ್ರಕರಣದಲ್ಲಿ, ಹೆರಲಾರದೆ ಒದ್ದಾಡುವ ಹೆಂಗಸಿನ ವಿಷಯದಲ್ಲಿಯೂ ಅಧಿಪತಿಯನ್ನೇ ಕೇಳಬೇಕು. ಕತ್ತಿ ಇಳಿಯುವುದು ಒಬ್ಬರ ಹೊಟ್ಟೆಗೆ. ಒಪ್ಪಿಗೆ ಬರುವುದು ಇನ್ನೊಬ್ಬರ ಬಾಯಿಂದ.

ಇದು ಹಳೆಯ ಕಾಲದ ಮಾತು, ಈಗೇಕೆ ಎನ್ನುವವರು ೨೦೦೮ರ ಜನವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಒಂದು ತೀರ್ಪನ್ನು ಓದಬೇಕು. ಪರೀಕ್ಷೆಗೆಂದು ಮಾತ್ರ ಒಪ್ಪಿದ್ದ ಮಹಿಳೆಯೊಬ್ಬಳಿಗೆ ಅರಿವಳಿಕೆ ಕೊಟ್ಟಿದ್ದಾಗ, ಅವಳ ತಾಯಿಯನ್ನು ಕೇಳಿಕೊಂಡು, ಗರ್ಭಾಶಯ ಅಂಡಾಶಯಗಳನ್ನೇ ತೆಗೆದಿದ್ದರು. ಪ್ರಾಪ್ತವಯಸ್ಕಳಾದ ರೋಗಿಯು ಸ್ವತಃ ಒಪ್ಪಬಲ್ಲವಳಾಗಿರುವಾಗ ಮತ್ತೊಬ್ಬರ ಒಪ್ಪಿಗೆಯು ಒಪ್ಪಿಗೆಯಲ್ಲವೆಂದು ನ್ಯಾಯಾಲಯವು ಹೇಳಿತು. ಸುಶ್ರುತನ ಅಧಿಪತಿಯು ಆ ತೀರ್ಪಿನಿಂದ ಕಾನೂನಿನಲ್ಲಿ ಪದಚ್ಯುತನಾದನೆನ್ನಬಹುದು. ವ್ಯವಹಾರದಲ್ಲಿ ಅವನು ಇನ್ನೂ ಆಳುತ್ತಿದ್ದಾನೆ. ಮಾನ್ಯಖೇಟವಿರುವ ಕಲಬುರಗಿ ಜಿಲ್ಲೆಯಲ್ಲಿಯೇ, ಬಹುಮಟ್ಟಿಗೆ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಾಶಯಗಳನ್ನು ಅನಾವಶ್ಯಕವಾಗಿ ತೆಗೆದ ಸಂಗತಿಯು ೨೦೧೫ರ ಸುಮಾರಿಗೆ ಬಯಲಾಯಿತು. ಕರ್ನಾಟಕ ಜನಾರೋಗ್ಯ ಚಳವಳಿಯವರು ತಾಂಡಾಗಳಿಗೆ ಹೋಗಿ ಆ ಹೆಂಗಸರ ಮಾತನ್ನೇ ಕೇಳಿ ಬರೆದುಕೊಂಡು ಅದನ್ನು ಹೊರಗೆ ತಂದರು. ೨೦೨೩ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಶಸ್ತ್ರಕರ್ಮಗಳನ್ನು ತಡೆಯಲು ಎಲ್ಲ ರಾಜ್ಯಗಳಿಗೂ ಆಜ್ಞೆಮಾಡಬೇಕಾಯಿತು. ನೃಪತುಂಗನ ಸಭೆಯಲ್ಲಿ ಖಾಲಿಯಾಗಿದ್ದ ಪೀಠದಲ್ಲಿ ಆ ತಾಂಡಾದ ಹೆಂಗಸರನ್ನು ಕುಳ್ಳಿರಿಸಿದವರನ್ನೂ ನಾನು ಈ ಶಾಸ್ತ್ರದ ವಿದ್ವಾಂಸರೆಂದೇ ಎಣಿಸುತ್ತೇನೆ.

ಚರಕನ ಎರೆಹುಳುವಿಗೂ ಈಗಿನ ಕಾಲದಲ್ಲಿ ವಂಶಸ್ಥರಿದ್ದಾರೆ. ರಕ್ತವು ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಂಬ ಔಷಧವನ್ನು ಹೆಚ್ಚಾಗಿ ಹಂದಿಯ ಕರುಳಿನಿಂದ ತೆಗೆಯುವರು. ಔಷಧದ ಪುಡಿಯನ್ನು ತುಂಬುವ ಗುಳಿಗೆಯ ಚಿಪ್ಪುಗಳು ಬಹುಮಟ್ಟಿಗೆ ಪ್ರಾಣಿಗಳ ಮೂಳೆ ಚರ್ಮಗಳ ಜೆಲಾಟಿನ್. ಜೈನನಿಗೂ ಲಿಂಗವಂತನಿಗೂ ಬ್ರಾಹ್ಮಣನಿಗೂ ಮುಸಲ್ಮಾನನಿಗೂ ಇವು ಸಲ್ಲುತ್ತಲೇ ಇವೆ. ಹೇಳಿ ಕೊಡುವವರನ್ನು ನಾನಂತೂ ಕಂಡಿಲ್ಲ. ಹೇಳಿದರೆ ಬೇಡವೆಂದಾರು, ಬೇಡವೆಂದರೆ ಸತ್ತಾರು ಎಂಬ ಭಯವು ಚರಕನದೇ ಭಯ. ಆ ಭಯವು ಸುಳ್ಳಲ್ಲ. ಆದರೂ ಹೇಳಬೇಕೆಂದೇ ನನ್ನ ಅಭಿಪ್ರಾಯ. ಹೇಳಿದ ಮೇಲೆ, ಪ್ರಾಣಸಂಕಟದಲ್ಲಿ ನಿಯಮ ಸಡಿಲುವುದೆಂಬುದನ್ನು ಪ್ರತಿಯೊಂದು ಮತದವರೂ ತಮ್ಮ ತಮ್ಮ ಗ್ರಂಥಗಳಲ್ಲಿ ಹುಡುಕಿಕೊಂಡಾರು. ಹುಡುಕಿಕೊಳ್ಳುವ ಅಧಿಕಾರವಾದರೂ ಅವರದಾಗಿರಲಿ.

ಇಲ್ಲಿ ಸ್ವಂತದ ಒಂದು ಅನುಭವವನ್ನು ಹೇಳಿದರೆ ವಾಚಕರು ಕ್ಷಮಿಸಬೇಕು. ಸಿಂಧನೂರು ತಾಲ್ಲೂಕಿನ ನಮ್ಮ ತುರ್ವಿಹಾಳದಲ್ಲಿ, ತುಂಗಭದ್ರೆಯ ಎಡದಂಡೆಯ ನೀರು ಹರಿಯುವ ಗದ್ದೆಗಳಲ್ಲಿ ಭತ್ತ ನಾಟಿಮಾಡಿ ಜೀವಿಸುವ ನೆರೆಮನೆಯ ಮುದುಕಿಯೊಬ್ಬಳಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಬೇಕೆಂದು ಗೊತ್ತಾಯಿತು. ಓದುಬಲ್ಲವನು ಜೊತೆಗಿರಲೆಂದು ಮನೆಯವರು ನನ್ನನ್ನು ಪಟ್ಟಣದ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ನಾಲ್ಕು ಹಾಳೆಗಳ ಒಪ್ಪಿಗೆಪತ್ರವನ್ನೂ ಮಸಿಯ ಡಬ್ಬಿಯನ್ನೂ ಅವಳ ಮುಂದಿಟ್ಟರು. ಪತ್ರವು ಆದ್ಯಂತ ಇಂಗ್ಲಿಷಿನಲ್ಲಿತ್ತು.

“ಇದ್ರಾಗ ಏನ್ ಬರದಾರ್ರೀ ಶಾಸ್ತ್ರಿಗಳ? ಸ್ವಲ್ಪ ಓದಿ ಹೇಳ್ರಿ” ಎಂದಳು.

ನಾನು ಪಾಣಿನಿಯನ್ನು ಓದಿದವನು. ಆ ನಾಲ್ಕು ಹಾಳೆಗಳಲ್ಲಿ ನಾಲ್ಕು ಸಾಲನ್ನೂ ಸರಿಯಾಗಿ ಅರ್ಥಮಾಡಲಾರದೆ ಹೋದೆನು. ಹಾಗೆಂದು ಹೇಳಲು ನಾಚಿಕೆಪಟ್ಟು “ಎಲ್ಲಾ ಸರಿ ಐತಿ, ಹೆಬ್ಬಟ್ಟು ಒತ್ತಬೇ” ಎಂದುಬಿಟ್ಟೆನು. ಎರೆಹುಳುವನ್ನು ಮೀನಿನ ಕರುಳೆಂದವನಿಗೂ ನನಗೂ ಆ ಗಳಿಗೆಯಲ್ಲಿ ಭೇದವಿರಲಿಲ್ಲ. ಅವನಿಗಾದರೂ ಕೊಡುತ್ತಿರುವುದು ಏನೆಂಬುದು ಗೊತ್ತಿತ್ತು. ಪುಣ್ಯಕ್ಕೆ ಮುದುಕಿಯು ನನ್ನ ಮುಖವನ್ನು ನೋಡಿ ನಂಬಲಿಲ್ಲ. ಮಗುಚಿ ಹಾಕುತ್ತಿದ್ದ ದಾದಿಯೊಬ್ಬಳನ್ನು ಕೈಹಿಡಿದು ನಿಲ್ಲಿಸಿದಳು. ಆ ಹುಡುಗಿಯು ಐದಾರು ಮಾತುಗಳಲ್ಲಿ, ಎಲ್ಲಿ ಕೊಯ್ಯುವರು, ಏನನ್ನು ತೆಗೆಯುವರು, ಎಷ್ಟು ದಿನ ನೋವಿರುವುದು, ಯಾವುದು ಕೆಡಬಹುದು ಎಂಬುದನ್ನು ಹೇಳಿದಳು. ಮುದುಕಿಯು ಎಲ್ಲವನ್ನೂ ಕೇಳಿ, “ನಾ ಬ್ಯಾಡ ಅಂದ್ರ ನಡೀತೈತೇನವ್ವಾ?” ಎಂದಳು. ಹುಡುಗಿಯು ಸ್ವಲ್ಪ ಸುಮ್ಮನಿದ್ದು “ನಡೀತೈತಿ” ಎಂದಳು. ಅನಂತರ ಮುದುಕಿಯು ತಾನೇ ಮಸಿ ಹಚ್ಚಿಕೊಂಡು ಹೆಬ್ಬಟ್ಟು ಒತ್ತಿದಳು.

೧೯೪೭ರಲ್ಲಿ ನ್ಯೂರೆಂಬರ್ಗಿನ ನ್ಯಾಯಪೀಠವು ನಾಜಿ ವೈದ್ಯರ ಅಪರಾಧಗಳನ್ನು ವಿಚಾರಿಸಿದಾಗ ಮನುಷ್ಯಪ್ರಯೋಗಕ್ಕೆ ಮೊದಲ ನಿಯಮವಾಗಿ ಇಟ್ಟದ್ದು ಸ್ವಂತ ಒಪ್ಪಿಗೆಯನ್ನೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ೨೦೧೭ರ ನೀತಿಸೂತ್ರಗಳು, ಸಂಶೋಧನೆಗೆ ಒಳಗಾಗುವವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿಯೇ ವಿಷಯವನ್ನು ಹೇಳಬೇಕೆಂದು ವಿಧಿಸಿವೆ. ಆ ಮುದುಕಿಯ ಪ್ರಶ್ನೆಗೂ ಈ ವಿಧಿಗಳಿಗೂ ತಾತ್ಪರ್ಯವು ಒಂದೇ. ನಮ್ಮೂರಿಗೆ ಹತ್ತಿರದ ಮಸ್ಕಿಯಲ್ಲಿ ೧೯೧೫ರಲ್ಲಿ ದೊರೆತ ಅಶೋಕನ ಶಾಸನವು, ಉನ್ನತಿಯು ದೊಡ್ಡವರಿಗೆ ಮಾತ್ರವೆಂದು ತಿಳಿಯಬೇಡಿರಿ, ಸಣ್ಣವನೂ ಅದನ್ನು ಮುಟ್ಟಬಲ್ಲನೆಂಬ ಭಾವವನ್ನು ಕೊಡುತ್ತದೆ. ಅದೇ ಅರಸನು ಎರಡನೆಯ ಶಿಲಾಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಬೇರೆಬೇರೆ ಚಿಕಿತ್ಸೆಯನ್ನು ಏರ್ಪಡಿಸಿದೆನೆಂದು ಹೇಳಿಕೊಂಡಿದ್ದಾನೆ. ಆ ಶಾಸನಗಳು ಜನರ ಪ್ರಾಕೃತದಲ್ಲಿವೆ, ಸಂಸ್ಕೃತದಲ್ಲಿಲ್ಲ.

ಉಗ್ರಾದಿತ್ಯನ ವಿಷಯದಲ್ಲಿ ನನ್ನ ಕೊನೆಯ ಆಕ್ಷೇಪವೂ ಇದೇ. ದಯೆಯ ವೈದ್ಯವನ್ನು ಅವನು ಹೇಳಿದ ಭಾಷೆಯು ನಮ್ಮ ಮುದುಕಿಗೆ ಆ ನಾಲ್ಕು ಹಾಳೆಗಳಷ್ಟೇ ದೂರವಾದದ್ದು. ಅವನ ಪಂಥದವರೇ ಆದ ಕನ್ನಡಿಗರು ಈ ಕೊರತೆಯನ್ನು ಕಂಡುಕೊಂಡಂತೆ ತೋರುತ್ತದೆ. ಹನ್ನೆರಡನೆಯ ಶತಮಾನದ ನಡುವೆ ಜಗದ್ದಳ ಸೋಮನಾಥನು ಪೂಜ್ಯಪಾದನ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದು ಕರ್ಣಾಟಕ ಕಲ್ಯಾಣಕಾರಕವೆಂದು ಹೆಸರಿಟ್ಟನು. ಅದರಲ್ಲಿ ಮದ್ಯವಿಲ್ಲ, ಮಾಂಸವಿಲ್ಲ. ಮಾಂಸವು ನಿಷ್ಫಲವೆಂದು ಸಭೆಯಲ್ಲಿ ಸಾಧಿಸುವ ಗೋಜಿಗಿಂತ, ಮಾಂಸವಿಲ್ಲದೆಯೇ ಚಿಕಿತ್ಸೆ ನಡೆಯುವುದೆಂದು ಯೋಗಗಳನ್ನು ಬರೆದು ತೋರಿಸುವ ದಾರಿಯು ಉತ್ತಮವೆಂದು ನನಗೆ ಕಾಣುತ್ತದೆ. ಒಂದು ಪ್ರತಿಜ್ಞೆಯನ್ನು ಪ್ರತ್ಯಕ್ಷವು ಮುರಿಯಬಹುದು. ಕೈಯಲ್ಲಿರುವ ಔಷಧವನ್ನು ಮುರಿಯಲಾರದು. ಸುಮಾರು ೧೩೬೦ರ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷಚಿಕಿತ್ಸೆಯನ್ನು ಕನ್ನಡಿಸಿದನು. ಹಾವು ಕಚ್ಚಿದವನ ಬಳಿ ಸಂಸ್ಕೃತಪಂಡಿತನನ್ನು ಕರೆಸಲು ಹೊತ್ತಿಲ್ಲವೆಂಬುದನ್ನು ಅವನು ಬಲ್ಲನು. ಇವರೆಲ್ಲರಿಗಿಂತ ಹಿಂದೆ, ಸುಮಾರು ೧೧೦೦ರಲ್ಲಿ, ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ಗೋವೈದ್ಯವನ್ನು ಕನ್ನಡದಲ್ಲಿ ಬರೆದಿದ್ದಾನೆ. ಒಂಬೈನೂರು ವರ್ಷಗಳ ಹಿಂದೆ ಆಕಳಿನ ಚಿಕಿತ್ಸೆಗೆ ಸಾಕಾದ ಕನ್ನಡವು ಇಂದು ಮನುಷ್ಯರ ಒಪ್ಪಿಗೆಪತ್ರಕ್ಕೆ ಸಾಲದೆ ಬಂದದ್ದು ಹೇಗೆಂಬುದನ್ನು ಆಸ್ಪತ್ರೆಗಳನ್ನು ನಡೆಸುವವರೇ ಹೇಳಬೇಕು.

ವೈದ್ಯವಿದ್ಯಾಲಯಗಳಲ್ಲಿ ಈಗ ಜೀವನೀತಿಯ ಪಾಠಗಳು ನಡೆಯುತ್ತಿವೆ. ಅಲ್ಲಿ ಹಿತಾಹಿತಾಧ್ಯಾಯವನ್ನೂ, ಚರಕದ ರಾಜಯಕ್ಷ್ಮಪ್ರಕರಣವನ್ನೂ, ಸುಶ್ರುತದ ಅಶ್ಮರೀಪ್ರಕರಣವನ್ನೂ ಒಂದೆಡೆ ಇಟ್ಟು, ತಿಳಿಗನ್ನಡದಲ್ಲಿ ಪೂರ್ವಪಕ್ಷ ಸಿದ್ಧಾಂತಗಳೊಡನೆ ವಿದ್ಯಾರ್ಥಿ ವೈದ್ಯರ ಮುಂದಿಡಬೇಕೆಂದು ನನ್ನ ಬಿನ್ನಹ. ಆ ಕಾರ್ಯವನ್ನು ಕೈಗೊಳ್ಳುವವರಿಗೆ ಸಂಸ್ಕೃತಪಾಠದ ಮಟ್ಟಿಗೆ ನಾನು ನೆರವಾಗಲು ಸಿದ್ಧನಾಗಿದ್ದೇನೆ. ಇಂಗ್ಲಿಷಿನ ಮಟ್ಟಿಗೆ ಆ ದಾದಿಯಂಥವರನ್ನು ಕರೆಯಬೇಕು.